ಮಳೆಗಾಲ ಮುಗಿದರೂ ಏರದ ಪ್ಲೇಟ್‌ಲೆಟ್



ಪ್ಲೇಟ್‌ಲೆಟ್ ಎಂಬ ಪದವನ್ನು ನಮ್ಮ ಊರುಗಳಿಗೆ ಕಲಿಸಿದ್ದು ಡೆಂಗಿ ಜ್ವರ. ಮುಂಗಾರು ಕಾಲಿಟ್ಟು ತಿಂಗಳಾಗುವುದರೊಳಗೆ ಬಸ್ ನಿಲ್ದಾಣದಲ್ಲಿ, ಹಾಲಿನ ಡೇರಿಯ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ ಅದೇ ಮಾತು. "ಕೌಂಟು ಎಷ್ಟಿದೆಯಂತೆ? ಐವತ್ತು ಸಾವಿರಕ್ಕೆ ಇಳಿದಿತ್ತಂತೆ, ಇವತ್ತು ಲಕ್ಷ ದಾಟಿದೆಯಂತೆ." ಪಪ್ಪಾಯಿ ಎಲೆ ಅರೆದು ರಸ ಹಿಂಡುವವರು ಒಂದು ಕಡೆ, ರಕ್ತನಿಧಿಗೆ ಓಡುವವರು ಇನ್ನೊಂದು ಕಡೆ. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಜ್ವರ ಬಿಟ್ಟ ಒಂದೆರಡು ವಾರದಲ್ಲಿ ತಾನಾಗಿಯೇ ಮೇಲೇರುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ, ವರದಿಯ ಹಾಳೆ ಕಪಾಟಿನೊಳಗೆ ಸೇರುತ್ತದೆ.

ಹಾಗೆ ಏರದೆ ಉಳಿದ ಒಬ್ಬರ ಸಂಗತಿಯಿಂದ ಇವತ್ತಿನ ಮಾತು ಆರಂಭಿಸುತ್ತೇನೆ. ಮಲೆನಾಡಿನ ಅಡಿಕೆ ಬೆಳೆಗಾರರು, ಐವತ್ತರ ಹತ್ತಿರದ ವಯಸ್ಸು. ನಾಲ್ಕು ದಿನ ಜ್ವರ ಬಂದು ಬಿಟ್ಟಿತ್ತು. ಡೆಂಗಿ ಇರಲಿಲ್ಲ, ಮಂಗನ ಕಾಯಿಲೆಯೂ ಅಲ್ಲ. ಪ್ಲೇಟ್‌ಲೆಟ್ ಮಾತ್ರ ಎಪ್ಪತ್ತು ಸಾವಿರದ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು. ಮಳೆಗಾಲ ಮುಗಿದು ಕೊನೆಕೊಯ್ಲು ಶುರುವಾದರೂ ಅಷ್ಟೇ. ಅವರನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದಾಗ ಎಡಪಕ್ಕೆಯ ಕೆಳಗೆ ಗಟ್ಟಿಯಾದ ಅಂಚೊಂದು ಬೆರಳಿಗೆ ತಾಗಿತು. ಅದು ಗುಲ್ಮ. ಆರೋಗ್ಯವಂತರಲ್ಲಿ ಪಕ್ಕೆಲುಬಿನ ಮರೆಯಲ್ಲಿ ಅಡಗಿರುವ ಅಂಗ, ಕೈಗೆ ಸಿಗಬಾರದು. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ವೈರಸ್ ಸಿಕ್ಕಿತು. ಇಪ್ಪತ್ತೈದು ವರ್ಷದ ಹಿಂದೆ ಅಪಘಾತವಾದಾಗ ಎರಡು ಬಾಟಲಿ ರಕ್ತ ಹಾಕಿದ್ದು ಅವರಿಗೆ ಆಮೇಲೆ ನೆನಪಾಯಿತು. "ಕಾಮಾಲೆ ಬಂದೇ ಇಲ್ಲವಲ್ಲ ಡಾಕ್ಟ್ರೇ, ಕಣ್ಣು ಒಂದು ದಿನವೂ ಹಳದಿ ಆಗಿಲ್ಲ" ಎಂದರು.

ಈ ಒಂದು ಮಾತಿಗೆ ಉತ್ತರ ಕೊಡುವುದಕ್ಕಾಗಿಯೇ ನಾನು ಇವತ್ತು ಮೈಕಿನ ಮುಂದೆ ಕುಳಿತಿದ್ದೇನೆ.

ಯಕೃತ್ತು, ಪಿತ್ತಜನಕಾಂಗ ಎಂದೆಲ್ಲ ಪುಸ್ತಕಗಳಲ್ಲಿ ಬರೆಯುತ್ತೇವೆ. ಆಸ್ಪತ್ರೆಗೆ ಬರುವವರು ಲಿವರ್ ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ. ಲಿವರ್ ಎಂದ ಕೂಡಲೇ ನಮಗೆ ಕಾಮಾಲೆ ನೆನಪಾಗುತ್ತದೆ. ಕಲುಷಿತ ನೀರು ಕುಡಿದು ಬರುವ ಹೆಪಟೈಟಿಸ್ ಎ ಮತ್ತು ಇ ಹಾಗೆಯೇ ಬರುತ್ತವೆ, ಕಣ್ಣು ಹಳದಿ ಮಾಡಿ, ವಾಂತಿ ಮಾಡಿಸಿ, ಬಹುತೇಕರಲ್ಲಿ ಒಂದೆರಡು ತಿಂಗಳಲ್ಲಿ ಹೋಗುತ್ತವೆ. ಬಿ ಮತ್ತು ಸಿ ಬೇರೆಯೇ ಜಾತಿ. ಇವು ರಕ್ತದ ಮೂಲಕ ಬರುತ್ತವೆ, ಬಂದವು ಎಷ್ಟೋ ಜನರಲ್ಲಿ ಹೋಗುವುದೇ ಇಲ್ಲ. ಹುಟ್ಟುವಾಗ ತಾಯಿಯಿಂದ ಬಿ ವೈರಸ್ ಅಂಟಿದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಸಿ ಅಂಟಿದ ಹತ್ತು ಜನರಲ್ಲಿ ಏಳು ಜನಕ್ಕಾದರೂ ಅದು ಉಳಿದುಕೊಳ್ಳುತ್ತದೆ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರ್‌ನಲ್ಲಿ ಗಾಯ ಮಾಡುತ್ತ, ಮಾಯಿಸುತ್ತ, ಮತ್ತೆ ಗಾಯ ಮಾಡುತ್ತ ಹೋಗುತ್ತದೆ. ಮಾದ ಗಾಯದ ಕಲೆಗಳೇ ತುಂಬಿ ಮೃದುವಾದ ಲಿವರ್ ಗಂಟುಗಂಟಾಗಿ ಗಟ್ಟಿಯಾದಾಗ ಅದಕ್ಕೆ ಸಿರೋಸಿಸ್ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು 2.98 ಕೋಟಿ, ಸಿ ಇದ್ದವರು 55 ಲಕ್ಷ. ಇವರಲ್ಲಿ ಹೆಚ್ಚಿನವರಿಗೆ ತಮ್ಮೊಳಗೆ ವೈರಸ್ ಇದೆ ಎಂಬುದೇ ಗೊತ್ತಿಲ್ಲ. ಲಿವರ್ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕಿಂತ ಮೊದಲು ರಕ್ತ ಹೇಳುತ್ತದೆ, ಕಾಲಿನ ಚರ್ಮ ಹೇಳುತ್ತದೆ, ಕೆಲವೊಮ್ಮೆ ಗುಂಡಿಗೆ ಹೇಳುತ್ತದೆ. ಆ ಮಾತು ನಮಗೆ ಅರ್ಥವಾಗಬೇಕು.

ಈ ವೈರಸ್‌ಗಳು ವಿಜ್ಞಾನದ ಕಣ್ಣಿಗೆ ಬಿದ್ದದ್ದೂ ರಕ್ತ ಮತ್ತು ಹೃದಯದ ದಾರಿಯಿಂದಲೇ. 1960ರ ದಶಕದಲ್ಲಿ ಅಮೆರಿಕದಲ್ಲಿ ಬರೂಕ್ ಬ್ಲೂಂಬರ್ಗ್ ಎಂಬ ವಿಜ್ಞಾನಿ ಬೇರೆಬೇರೆ ದೇಶದ ಜನರ ರಕ್ತವನ್ನು ಹೋಲಿಸಿ ನೋಡುತ್ತಿದ್ದರು. ಅವರ ಜೊತೆ ಹಾರ್ವೆ ಆಲ್ಟರ್ ಎಂಬ ಯುವ ವೈದ್ಯರಿದ್ದರು. ಪದೇಪದೇ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯೊಬ್ಬರ ರಕ್ತಸಾರ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತಸಾರದ ಜೊತೆ ಸೇರಿ ಗೆರೆಯೊಂದನ್ನು ಮೂಡಿಸಿತು. ಅದನ್ನು ಆಸ್ಟ್ರೇಲಿಯ ಆಂಟಿಜೆನ್ ಎಂದು ಕರೆದರು. ಅದು ಹೆಪಟೈಟಿಸ್ ಬಿ ವೈರಸ್‌ನ ಹೊರಕವಚ ಎಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು. ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28ನ್ನು ಇವತ್ತು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತೇವೆ.

ಆಲ್ಟರ್ ಆಮೇಲೆ ಹಿಡಿದದ್ದು ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಜಾಡು. ಆ ಕಾಲದಲ್ಲಿ ಅಂಥ ಶಸ್ತ್ರಚಿಕಿತ್ಸೆಗೆ ಬಾಟಲಿಗಟ್ಟಲೆ ರಕ್ತ ಬೇಕಾಗುತ್ತಿತ್ತು. ಹೃದಯ ರಿಪೇರಿಯಾಗಿ ಮನೆಗೆ ಹೋದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಲಿವರ್ ಕೆಡುತ್ತಿತ್ತು. ಹಣಕ್ಕೆ ರಕ್ತ ಮಾರುವವರನ್ನು ನಿಲ್ಲಿಸಿ, ಬಿ ವೈರಸ್‌ಗೆ ಪರೀಕ್ಷೆ ಶುರು ಮಾಡಿದ ಮೇಲೆ ಅದು ಹತ್ತರಲ್ಲಿ ಒಬ್ಬರಷ್ಟಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಎ ಅಲ್ಲ, ಬಿ ಅಲ್ಲ, ಇನ್ನೇನೋ ಇದೆ ಎಂದು ಆಲ್ಟರ್ ಆ ಹೃದ್ರೋಗಿಗಳ ರಕ್ತವನ್ನು ವರ್ಷಗಟ್ಟಲೆ ಹಿಮದಲ್ಲಿ ಕಾಪಿಟ್ಟರು. 1989ರಲ್ಲಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು ಹೊಸ ವೈರಸ್‌ನ ತುಣುಕನ್ನು ಕಂಡುಹಿಡಿದಾಗ, ಅದು ನಿಜವೇ ಎಂದು ಒರೆಗೆ ಹಚ್ಚಿದ್ದು ಆ ಕಾಪಿಟ್ಟ ರಕ್ತದ ಮೇಲೆ. ಅದಕ್ಕೇ ಹೆಪಟೈಟಿಸ್ ಸಿ ಎಂದು ಹೆಸರಾಯಿತು. ಆಲ್ಟರ್, ಹೌಟನ್, ಚಾರ್ಲ್ಸ್ ರೈಸ್ ಮೂವರಿಗೂ 2020ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ಹಣಕ್ಕೆ ರಕ್ತ ಮಾರುವುದು ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದ ಮೇಲೆ, 1998ರ ಜನವರಿಯಿಂದ. ಅದಕ್ಕೂ ಮೊದಲು ರಕ್ತ ಪಡೆದವರು ಈ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು.

ಈಗ ಅಡಿಕೆ ಬೆಳೆಗಾರರ ಪ್ಲೇಟ್‌ಲೆಟ್‌ಗೆ ಮರಳುತ್ತೇನೆ. ಅದು ಏಕೆ ಇಳಿಯಿತು?

ನಮ್ಮ ಹೊಟ್ಟೆ, ಕರುಳು, ಗುಲ್ಮಗಳ ರಕ್ತವೆಲ್ಲ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಪೋರ್ಟಲ್ ಎಂಬ ದೊಡ್ಡ ರಕ್ತನಾಳದಲ್ಲಿ ಸೇರಿ ಲಿವರ್‌ನೊಳಗೆ ಹಾದು, ಶುದ್ಧವಾಗಿ ಆಮೇಲೆ ಹೋಗುತ್ತದೆ. ನಿಮಿಷಕ್ಕೆ ಒಂದು ಲೀಟರಿಗೂ ಮೀರಿ ರಕ್ತ ಹೀಗೆ ಹರಿಯುತ್ತದೆ. ಲಿವರ್ ಗಟ್ಟಿಯಾದರೆ ಆ ಹರಿವಿಗೆ ಅಡ್ಡಿ. ಕೆರೆಯ ತೂಬು ಕಟ್ಟಿಕೊಂಡರೆ ಏನಾಗುತ್ತದೆ ಎಂಬುದು ನಮ್ಮ ರೈತರಿಗೆ ನಾನು ಹೇಳಬೇಕಿಲ್ಲ. ಹಿನ್ನೀರು ನಿಲ್ಲುತ್ತದೆ, ಆಮೇಲೆ ಎಲ್ಲಿ ಏರಿ ತಗ್ಗೋ ಅಲ್ಲಿಂದ ಕೋಡಿ ಬೀಳುತ್ತದೆ. ಹಿನ್ನೀರು ನಿಂತದ್ದು ಗುಲ್ಮದಲ್ಲಿ. ಅದು ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ದೇಹದ ಪ್ಲೇಟ್‌ಲೆಟ್‌ಗಳಲ್ಲಿ ಮೂರನೇ ಒಂದು ಪಾಲು ಗುಲ್ಮದಲ್ಲಿ ವಿಶ್ರಮಿಸುತ್ತಿರುತ್ತದೆ. ಊದಿದ ಗುಲ್ಮ ಬಹುಪಾಲನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಬೆರಳಿಗೆ ಸೂಜಿ ಚುಚ್ಚಿ ಎಣಿಸಿದಾಗ ಸಿಗುವುದು ಉಳಿದ ಪುಡಿಪಾಲು ಮಾತ್ರ.

ಇಷ್ಟೇ ಆಗಿದ್ದರೆ ಗುಲ್ಮ ತೆಗೆದುಬಿಡಿ ಎನ್ನಬಹುದಿತ್ತು. ಆದರೆ ಮೂಳೆಯ ಮಜ್ಜೆಗೆ "ಪ್ಲೇಟ್‌ಲೆಟ್ ಮಾಡು" ಎಂದು ಆಜ್ಞೆ ಕೊಡುವ ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನು ತಯಾರಾಗುವುದೇ ಮುಖ್ಯವಾಗಿ ಲಿವರ್‌ನಲ್ಲಿ. ಇದು ಗೊತ್ತಾದದ್ದು 1994ರಲ್ಲಿ. ಲಿವರ್ ಸೊರಗಿದರೆ ಆಜ್ಞೆಯೂ ಸೊರಗುತ್ತದೆ. ಅದರ ಮೇಲೆ ಸಿ ವೈರಸ್ ಮಜ್ಜೆಯನ್ನು ನೇರವಾಗಿಯೂ ಕುಗ್ಗಿಸಬಲ್ಲದು, ನಮ್ಮದೇ ರೋಗನಿರೋಧಕ ವ್ಯವಸ್ಥೆಯನ್ನು ಪ್ಲೇಟ್‌ಲೆಟ್‌ಗಳ ಮೇಲೆ ತಿರುಗಿಸಿಯೂ ಬಿಡಬಲ್ಲದು. ಹೀಗಾಗಿ ಕಾರಣ ಗೊತ್ತಿಲ್ಲದೆ ಪ್ಲೇಟ್‌ಲೆಟ್ ಕಡಿಮೆ ಇರುವ ಯಾರಿಗೇ ಆದರೂ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು. ಪಪ್ಪಾಯಿ ಎಲೆಯ ರಸ ಈ ಮೂರಕ್ಕೂ ಉತ್ತರವಲ್ಲ.

ಒಂದೂವರೆ ಲಕ್ಷ ಎಂಬ ಗೆರೆಯನ್ನು ನೆನಪಿಡಿ. ಹೆಪಟೈಟಿಸ್ ಇರುವವರ ಪ್ಲೇಟ್‌ಲೆಟ್ ವರ್ಷದಿಂದ ವರ್ಷಕ್ಕೆ ಜಾರುತ್ತ ಈ ಗೆರೆಯ ಕೆಳಗೆ ಬಂದರೆ, ಸ್ಕ್ಯಾನಿಂಗ್ ಏನೇ ಹೇಳಲಿ, ಲಿವರ್ ಗಟ್ಟಿಯಾಗುತ್ತಿದೆ ಎಂಬ ಗುಮಾನಿ ವೈದ್ಯರಿಗೆ ಬರಬೇಕು. ತೀರಾ ಅಗ್ಗದ, ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಒಂದು ಸಂಖ್ಯೆ ಇಷ್ಟು ದೊಡ್ಡ ಸುಳಿವು ಕೊಡುತ್ತದೆ. ಅದಕ್ಕೇ ಹಳೆಯ ವರದಿಗಳನ್ನು ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಐದು ವರ್ಷದ ಐದು ಹಾಳೆಗಳನ್ನು ಸಾಲಾಗಿ ಇಟ್ಟರೆ ಕತೆ ತಾನಾಗಿ ಕಾಣಿಸುತ್ತದೆ.

ಕೋಡಿ ಬಿದ್ದ ನೀರಿನ ಮಾತು ಬಾಕಿಯಿದೆ. ಅದು ಬೀಳುವುದು ಹೆಚ್ಚಾಗಿ ಅನ್ನನಾಳದ ತಳದಲ್ಲಿ. ಅಲ್ಲಿನ ತೆಳ್ಳಗಿನ ಸಿರೆಗಳು ಎರೆಹುಳುವಿನಂತೆ ಉಬ್ಬಿಕೊಳ್ಳುತ್ತವೆ, ಒಂದು ದಿನ ಒಡೆಯುತ್ತವೆ. ಬಚ್ಚಲಿನ ತುಂಬ ರಕ್ತ ವಾಂತಿ, ಇಲ್ಲವೇ ಡಾಂಬರಿನಂಥ ಕಪ್ಪು ಮಲ. ಇದು ರಾತ್ರಿ ಎಷ್ಟು ಗಂಟೆಯಾಗಿದ್ದರೂ ಕಾಯುವ ವಿಷಯವಲ್ಲ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಬೇಕು.

ರಕ್ತ ಹೆಪ್ಪುಗಟ್ಟುವುದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಜನರಲ್ಲಿ ಮಾತ್ರವಲ್ಲ, ನಮ್ಮ ವೃತ್ತಿಯಲ್ಲೂ ಬಹಳ ಕಾಲ ಇತ್ತು. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಲಿವರ್‌ನಲ್ಲೇ ತಯಾರಾಗುತ್ತವೆ. ಲಿವರ್ ಕೆಟ್ಟರೆ ಪಿಟಿ, ಐಎನ್‌ಆರ್ ಎಂಬ ಪರೀಕ್ಷೆಗಳ ಅಂಕಿ ಏರುತ್ತದೆ. ಅದನ್ನು ನೋಡಿ "ಇವರ ರಕ್ತ ನೀರಾಗಿದೆ, ಹೆಪ್ಪುಗಟ್ಟುವುದೇ ಇಲ್ಲ" ಎಂದುಕೊಳ್ಳುತ್ತಿದ್ದೆವು. ಆದರೆ ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್‌ಗಳೂ ಅದೇ ಲಿವರ್‌ನ ಕೂಸುಗಳು. ಅವೂ ಕಡಿಮೆಯಾಗುತ್ತವೆ, ಆ ಪರೀಕ್ಷೆಗಳಲ್ಲಿ ಕಾಣುವುದಿಲ್ಲ. ಇತ್ತ ಎಂಟನೆಯ ಅಂಶ ಲಿವರ್ ಜೀವಕೋಶಗಳಲ್ಲಿ ಅಲ್ಲ, ರಕ್ತನಾಳದ ಒಳಪದರದಲ್ಲಿ ತಯಾರಾಗುವುದರಿಂದ ಅದು ಏರಿಯೇ ಇರುತ್ತದೆ. ತಕ್ಕಡಿಯ ಎರಡೂ ತಟ್ಟೆಯಿಂದ ಸಾಮಾನು ತೆಗೆದ ಹಾಗೆ. ಮುಳ್ಳು ನಡುವೆಯೇ ನಿಂತಿದೆ, ಆದರೆ ಸಣ್ಣ ಗಾಳಿಗೂ ಅತ್ತಿತ್ತ ತೂಗುತ್ತದೆ. ಒಂದು ಸೋಂಕು ಬಂದರೆ ರಕ್ತಸ್ರಾವ, ಇನ್ನೊಂದು ದಿನ ಪೋರ್ಟಲ್ ನಾಳದೊಳಗೇ ಹೆಪ್ಪು. ಇಟಲಿಯ ಟ್ರಿಪೋಡಿ ಮತ್ತು ಮನ್ನುಚ್ಚಿ 2011ರಲ್ಲಿ ಇದನ್ನೆಲ್ಲ ಕೂಡಿಸಿ ಬರೆದ ಮೇಲೆ ನಮ್ಮ ನಡೆ ಬದಲಾಗತೊಡಗಿತು. ಬರೀ ಐಎನ್‌ಆರ್ ಅಂಕಿಯನ್ನು ಸರಿಪಡಿಸಲೆಂದು ಪ್ಲಾಸ್ಮಾ ಬಾಟಲಿಗಳನ್ನು ಏರಿಸುವುದು ಎಷ್ಟೋ ಸಲ ಬೇಡದ ಕೆಲಸ. ಆ ಹೆಚ್ಚುವರಿ ದ್ರವದಿಂದ ಪೋರ್ಟಲ್ ನಾಳದ ಒತ್ತಡ ಇನ್ನಷ್ಟು ಏರುತ್ತದೆ. ಹಾಗೆಯೇ, ಲಿವರ್ ರೋಗಿಗೆ ಕಾಲಿನಲ್ಲಿ ಹೆಪ್ಪುಗಟ್ಟುವುದಿಲ್ಲ ಎಂಬ ಧೈರ್ಯವೂ ಬೇಡ. ಒಂದೇ ಕಾಲು ಊದಿ ನೋಯುತ್ತಿದ್ದರೆ ತೋರಿಸಿ.

ಇನ್ನು ನನಗೆ ಬಹಳ ಆಸ್ಥೆಯಿರುವ ವಿಷಯಕ್ಕೆ ಬರುತ್ತೇನೆ. ಏಕೆಂದರೆ ಇದರಲ್ಲಿ ರೋಗಿ ಲಿವರ್ ವೈದ್ಯರ ಬಾಗಿಲಿಗೆ ಬರುವುದೇ ಇಲ್ಲ.

ಮಾಗಿಯ ಬೆಳಿಗ್ಗೆ ಸೀಸೆಯೊಳಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುವುದನ್ನು ನೋಡಿದ್ದೀರಿ. ಬಿಸಿಲಿಗಿಟ್ಟರೆ ಕರಗುತ್ತದೆ. ಕೆಲವರ ರಕ್ತದಲ್ಲಿ ಹೀಗೆಯೇ ತಂಪಿಗೆ ಗಟ್ಟಿಯಾಗಿ ಬಿಸಿಗೆ ಕರಗುವ ಪ್ರೋಟೀನು ಇರುತ್ತದೆ. 1933ರಲ್ಲಿ ಮೊದಲು ಕಣ್ಣಿಗೆ ಬಿತ್ತು, 1947ರಲ್ಲಿ ಕ್ರಯೋಗ್ಲಾಬ್ಯುಲಿನ್ ಎಂಬ ಹೆಸರು ಬಂತು. 1966ರಲ್ಲಿ ಮೆಲ್ಟ್‌ಜರ್ ಮತ್ತು ಸಂಗಡಿಗರು ಅದರ ಮೂರು ಚಹರೆ ಗುರುತಿಸಿದರು: ಕಾಲಿನ ಮೇಲೆ ನೇರಳೆ ಬಣ್ಣದ ಚುಕ್ಕೆ, ಕೀಲು ನೋವು, ವಿಪರೀತ ಸುಸ್ತು. ಕಾರಣ ಮಾತ್ರ ಕತ್ತಲಲ್ಲೇ ಉಳಿಯಿತು. ಸಿ ವೈರಸ್ ಪರೀಕ್ಷೆ ಬಂದ ಮೇಲೆ ನೋಡಿದರೆ ಇಂಥ ರೋಗಿಗಳಲ್ಲಿ ಹತ್ತಕ್ಕೆ ಎಂಟು ಒಂಬತ್ತು ಜನರಲ್ಲಿ ಆ ವೈರಸ್ ಇತ್ತು. ವರ್ಷಗಟ್ಟಲೆ ವೈರಸ್ ಕೆಣಕುತ್ತಲೇ ಇದ್ದಾಗ, ಪ್ರತಿಕಾಯ ತಯಾರಿಸುವ ಬಿ ಲಿಂಫೋಸೈಟ್ ಕೋಶಗಳು ಹದ ತಪ್ಪಿ, ಪ್ರತಿಕಾಯಕ್ಕೇ ಅಂಟುವ ಪ್ರತಿಕಾಯಗಳನ್ನು ಸುರಿಯತೊಡಗುತ್ತವೆ. ಆ ಗಂಟುಗಳು ಸಣ್ಣ ರಕ್ತನಾಳಗಳಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ. ಚರ್ಮದಲ್ಲಿ ಕೂತರೆ ಚುಕ್ಕೆ, ಕೈಯಾಡಿಸಿದರೆ ದಪ್ಪಗೆ ತಾಗುವಂಥ ಚುಕ್ಕೆ. ನರಗಳಲ್ಲಿ ಕೂತರೆ ಪಾದ ಜೋಮು, ಉರಿ. ಮೂತ್ರಪಿಂಡದಲ್ಲಿ ಕೂತರೆ ಮೂತ್ರದಲ್ಲಿ ನೊರೆ, ರಕ್ತದೊತ್ತಡ.

ಈಗ ಆ ರೋಗಿಯ ಓಡಾಟವನ್ನು ಯೋಚಿಸಿ. ಚುಕ್ಕೆಗೆ ಚರ್ಮದ ವೈದ್ಯರು ಮುಲಾಮು ಕೊಡುತ್ತಾರೆ. ಕೀಲು ನೋವಿಗೆ ರಕ್ತ ಪರೀಕ್ಷೆ ಮಾಡಿದರೆ ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್ ಬರುತ್ತದೆ, ಏಕೆಂದರೆ ಆ ಅಡ್ಡದಾರಿಯ ಪ್ರತಿಕಾಯವೇ ಅದು. ಸಂಧಿವಾತ ಎಂದು ಚೀಟಿ ಬರೆಯುತ್ತಾರೆ, ಕೆಲವೊಮ್ಮೆ ಲಿವರ್‌ಗೆ ಹೊರೆಯಾಗುವ ಮಾತ್ರೆಗಳೇ ಶುರುವಾಗುತ್ತವೆ. ಪಾದದ ಉರಿಗೆ ವಿಟಮಿನ್ ಇಂಜೆಕ್ಷನ್. ಮೂರು ಬಾಗಿಲು, ಮೂರು ಕಡತ, ಒಂದೇ ವೈರಸ್. ನನ್ನ ಬಳಿಗೆ ಬಂದ ಒಬ್ಬ ಹೆಣ್ಣುಮಗಳು ಆರು ವರ್ಷ ಹೀಗೆ ಅಲೆದಿದ್ದರು. ಕ್ರಯೋಗ್ಲಾಬ್ಯುಲಿನ್ ಪರೀಕ್ಷೆ ಒಮ್ಮೆ ಮಾಡಿಸಿಯೂ ಇತ್ತು, ಇಲ್ಲವೆಂದು ಬಂದಿತ್ತು. ಈ ಪರೀಕ್ಷೆಗೆ ರಕ್ತವನ್ನು ತೆಗೆದ ಗಳಿಗೆಯಿಂದ ಮೈಬಿಸಿಯಲ್ಲೇ, ಅಂದರೆ 37 ಡಿಗ್ರಿಯಲ್ಲೇ ಇಟ್ಟು, ಸೀರಂ ಬೇರ್ಪಡಿಸಿ, ಆಮೇಲೆ 4 ಡಿಗ್ರಿಯಲ್ಲಿ ಹಲವು ದಿನ ಇಟ್ಟು ನೋಡಬೇಕು. ಮಾಮೂಲಿ ರಕ್ತದಂತೆ ಐಸ್ ಡಬ್ಬಿಯಲ್ಲಿ ಕಳಿಸಿದರೆ ಹುಡುಕಬೇಕಾದ ಪ್ರೋಟೀನು ದಾರಿಯಲ್ಲೇ ಗಟ್ಟಿಯಾಗಿ ಕೆಂಪುಕಣಗಳ ಜೊತೆ ಕಸಕ್ಕೆ ಹೋಗುತ್ತದೆ. ಸಿ ವೈರಸ್‌ಗೆ ಮಾತ್ರೆ ಕೊಟ್ಟ ಮೇಲೆ ಆಕೆಯ ಕಾಲಿನ ಚುಕ್ಕೆ ನಿಂತವು. ಪಾದದ ಜೋಮು ಪೂರ್ತಿ ಹೋಗಿಲ್ಲ. ಸತ್ತ ನರ ಮತ್ತೆ ಚಿಗುರುವುದು ನಿಧಾನ. ಆರು ವರ್ಷದ ತಡಕ್ಕೆ ತೆತ್ತ ಬೆಲೆ ಅದು.

ಕೆಣಕಿಸಿಕೊಂಡ ಲಿಂಫೋಸೈಟುಗಳು ಕೆಲವರಲ್ಲಿ ಇನ್ನೂ ಮುಂದೆ ಹೋಗಿ ಲಿಂಫೋಮಾ ಎಂಬ ಕ್ಯಾನ್ಸರ್ ಆಗುತ್ತವೆ. 2002ರಲ್ಲಿ ಫ್ರಾನ್ಸಿನ ಒಲಿವಿಯೆ ಎರ್ಮಿನ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿ ನಮ್ಮನ್ನೆಲ್ಲ ಬೆರಗುಗೊಳಿಸಿತು. ಗುಲ್ಮದ ಲಿಂಫೋಮಾ ಜೊತೆಗೆ ಸಿ ವೈರಸ್ ಕೂಡ ಇದ್ದ ಒಂಬತ್ತು ಜನರಿಗೆ ವೈರಸ್ ವಿರುದ್ಧದ ಇಂಟರ್‌ಫೆರಾನ್ ಕೊಟ್ಟರು. ವೈರಸ್ ಮಾಯವಾದ ಏಳು ಜನರಲ್ಲಿ ಕ್ಯಾನ್ಸರೂ ಮಾಯವಾಯಿತು. ಅದೇ ಲಿಂಫೋಮಾ ಇದ್ದು ವೈರಸ್ ಇಲ್ಲದ ಆರು ಜನರಿಗೆ ಅದೇ ಔಷಧದಿಂದ ಏನೂ ಪ್ರಯೋಜನವಾಗಲಿಲ್ಲ. ಕಿಮೋಥೆರಪಿಯಿಲ್ಲದೆ, ಸೋಂಕನ್ನು ತೆಗೆದದ್ದರಿಂದಲೇ ಕ್ಯಾನ್ಸರ್ ಹಿಂಜರಿದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಬಿ ವೈರಸ್‌ನ ರಕ್ತನಾಳದ ತಂಟೆ ಬೇರೆ. ಅದು ನಡುಗಾತ್ರದ ಅಪಧಮನಿಗಳಲ್ಲಿ ಉರಿಯೂತ ಎಬ್ಬಿಸಿ ಮಣಿಸರದಂತೆ ಉಬ್ಬುತಗ್ಗು ಮಾಡಬಲ್ಲದು, ಕರುಳಿನಲ್ಲಿ, ಮೂತ್ರಪಿಂಡದಲ್ಲಿ, ಅಪರೂಪಕ್ಕೆ ಹೃದಯದ ಕೊರೋನರಿ ನಾಳದಲ್ಲೂ. ಪಾಲಿಆರ್ಟರೈಟಿಸ್ ನೊಡೋಸಾ ಎಂದು ಅದರ ಹೆಸರು. ಫ್ರಾನ್ಸಿನಲ್ಲಿ ಒಂದು ಕಾಲಕ್ಕೆ ಈ ರೋಗಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಲ್ಲಿ ಬಿ ವೈರಸ್ ಸಿಗುತ್ತಿತ್ತು. ಲಸಿಕೆ ಬಂದ ಮೇಲೆ ಅದು ಶೇ 5ಕ್ಕಿಂತ ಕೆಳಗಿಳಿಯಿತು.

ಬಿ ವೈರಸ್ ಬಗ್ಗೆ ಇದಕ್ಕಿಂತ ತುರ್ತಾದ ಎಚ್ಚರಿಕೆಯೊಂದಿದೆ. ಈ ವೈರಸ್ ಲಿವರ್ ಕೋಶದ ತಿರುಳಿನಲ್ಲಿ ಸಣ್ಣ ಉಂಗುರದ ರೂಪದಲ್ಲಿ ಅಡಗಿ ಕೂರುತ್ತದೆ. ಹಿಂದೆಂದೋ ಬಂದು ವಾಸಿಯಾಯಿತು ಎಂದುಕೊಂಡವರಲ್ಲೂ ಕೂತಿರುತ್ತದೆ. ರಕ್ತದ ಕ್ಯಾನ್ಸರಿಗೆ ಕಿಮೋಥೆರಪಿ, ರಿಟುಕ್ಸಿಮ್ಯಾಬ್ ಇಂಜೆಕ್ಷನ್, ಹೆಚ್ಚು ದಿನದ ಸ್ಟೀರಾಯ್ಡ್ ಕೊಟ್ಟಾಗ ಕಾವಲು ಸಡಿಲವಾಗಿ ಅದು ಎದ್ದು ಕೂರುತ್ತದೆ, ಲಿವರ್ ಕೆಲವೇ ವಾರಗಳಲ್ಲಿ ಕುಸಿಯಬಹುದು. ರಿಟುಕ್ಸಿಮ್ಯಾಬ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸುವಂತೆ ಮಾಡಿದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಚಿಕಿತ್ಸೆ ಶುರುವಾಗುವುದಿದ್ದರೆ "ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ, ಹಳೆಯ ಸೋಂಕಿನ ಪರೀಕ್ಷೆಯೂ ಆಗಿದೆಯೇ" ಎಂದು ಕೇಳಿ. ದಿನಕ್ಕೊಂದು ಮಾತ್ರೆಯಿಂದ ಈ ಅನಾಹುತವನ್ನು ತಡೆಯಬಹುದು.

ಇನ್ನು ಗುಂಡಿಗೆಯ ವಿಷಯ.

ಸಿರೋಸಿಸ್ ಆದವರ ಅಂಗೈ ಮುಟ್ಟಿದರೆ ಬೆಚ್ಚಗೆ, ಕೆಂಪಗೆ ಇರುತ್ತದೆ. ನಾಡಿ ಜೋರಾಗಿ ಪುಟಿಯುತ್ತದೆ. ರಕ್ತದೊತ್ತಡ ಕಡಿಮೆ. ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದವರು "ಈಗ ಮಾತ್ರೆ ಇಲ್ಲದೆಯೂ ನಾರ್ಮಲ್ ಬರುತ್ತಿದೆ, ಪಥ್ಯದಿಂದ ಬಿಪಿ ವಾಸಿಯಾಯಿತು" ಎಂದು ಖುಷಿಯಿಂದ ಹೇಳುತ್ತಾರೆ. ಕೇಳಿ ನನಗೆ ಕಳವಳವಾಗುತ್ತದೆ. ಲಿವರ್‌ನ ತಡೆಯಿಂದಾಗಿ ಹೊಟ್ಟೆಯೊಳಗಿನ ರಕ್ತನಾಳಗಳು ನೈಟ್ರಿಕ್ ಆಕ್ಸೈಡ್ ಮುಂತಾದ ರಾಸಾಯನಿಕಗಳ ಪ್ರಭಾವದಿಂದ ಸಡಿಲಗೊಂಡು ಅಗಲವಾಗಿರುತ್ತವೆ. ಸಣ್ಣ ಪೈಪು ತೆಗೆದು ದೊಡ್ಡ ಪೈಪು ಜೋಡಿಸಿದರೆ ಪಂಪಿನ ನೀರಿನ ರಭಸ ಇಳಿಯುವ ಹಾಗೆ ಒತ್ತಡ ಇಳಿಯುತ್ತದೆ. ಅದನ್ನು ಸರಿದೂಗಿಸಲು ಹೃದಯ ಹಗಲುರಾತ್ರಿ ಹೆಚ್ಚು ರಕ್ತ ತಳ್ಳುತ್ತದೆ. ಹೃದಯದ ಈ ಹೆಚ್ಚುವರಿ ದುಡಿತವನ್ನು ಬಾಸ್ಟನ್ನಿನ ಕೊವಾಲ್‌ಸ್ಕಿ ಮತ್ತು ಏಬೆಲ್‌ಮನ್ 1953ರಲ್ಲಿ ಅಳೆದು ತೋರಿಸಿದರು. ಅವರು ನೋಡಿದ್ದು ಕುಡಿತದಿಂದ ಸಿರೋಸಿಸ್ ಆದವರನ್ನು. ಹಾಗಾಗಿ ಇಂಥವರ ಹೃದಯದ ದೋಷವೆಲ್ಲ ಮದ್ಯದ್ದೇ ಎಂದು ದಶಕಗಳ ಕಾಲ ನಂಬಿದ್ದರು. ಜೀವನದಲ್ಲಿ ಒಂದು ಹನಿ ಮುಟ್ಟದ, ವೈರಸ್‌ನಿಂದ ಸಿರೋಸಿಸ್ ಆದವರಲ್ಲೂ ಅದೇ ದೋಷ ಕಂಡ ಮೇಲೆ ನಂಬಿಕೆ ಬದಲಾಯಿತು. ಅದಕ್ಕೀಗ ಸಿರೋಟಿಕ್ ಕಾರ್ಡಿಯೊಮಯೋಪತಿ ಎಂಬ ಸ್ವಂತ ಹೆಸರಿದೆ. ಲಿವರ್ ಕೆಟ್ಟಿದೆ ಎಂದ ಕೂಡಲೇ "ಕುಡೀತಿದ್ರಾ?" ಎಂದು ಕೇಳಿಸಿಕೊಂಡು ತಲೆ ತಗ್ಗಿಸಿದ ಎಷ್ಟೋ ಗೃಹಿಣಿಯರನ್ನು, ಹಿರಿಯರನ್ನು ನಾನು ನೋಡಿದ್ದೇನೆ. ಆ ಪ್ರಶ್ನೆಯ ಧಾಟಿ ಬದಲಾಗಬೇಕು.

ಈ ಹೃದಯದ ವಿಚಿತ್ರವೆಂದರೆ ಸುಮ್ಮನೆ ಕುಳಿತಾಗ ಎಕೋ ಮಾಡಿದರೆ ಚೆನ್ನಾಗಿಯೇ ಕಾಣುತ್ತದೆ. ನಾಳಗಳು ಸಡಿಲವಾಗಿರುವುದರಿಂದ ಅದಕ್ಕೆ ಎದುರೊತ್ತಡವಿಲ್ಲ. ಸೋಂಕು, ದೊಡ್ಡ ಶಸ್ತ್ರಚಿಕಿತ್ಸೆ, ಲಿವರ್ ಕಸಿ, ಇಂಥ ಸಂದರ್ಭದಲ್ಲಿ ಹೊರೆ ಬಿದ್ದಾಗ ಮೀಸಲು ಶಕ್ತಿಯಿಲ್ಲದೆ ಮುಗ್ಗರಿಸುತ್ತದೆ. ಅದಕ್ಕಾಗಿಯೇ ಲಿವರ್ ಕಸಿಗೆ ಮುನ್ನ ಹೃದಯವನ್ನು ಅಷ್ಟೊಂದು ಬಗೆಯಲ್ಲಿ ಪರೀಕ್ಷಿಸುತ್ತಾರೆ. ಮನೆಯವರು "ಲಿವರ್‌ಗೆ ಬಂದವರಿಗೆ ಹೃದಯದ ಪರೀಕ್ಷೆ ಏಕೆ, ದುಡ್ಡು ಕೀಳಲಿಕ್ಕೆ" ಎಂದು ಸಿಟ್ಟಾಗುವುದುಂಟು. ದಯವಿಟ್ಟು ಹಾಗೆ ತಿಳಿಯಬೇಡಿ.

ಇನ್ನೊಂದು ಅಡಗಿದ ದೋಷ ಹೃದಯದ ವಿದ್ಯುತ್ತಿನಲ್ಲಿ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗುತ್ತದೆ, ಸಿರೋಸಿಸ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿ. ಅದರಷ್ಟಕ್ಕೆ ಅದು ತೊಂದರೆ ಕೊಡದೆ ಇರಬಹುದು. ಆದರೆ ಆ ಅಂತರವನ್ನು ಇನ್ನಷ್ಟು ಎಳೆಯುವ ಮಾತ್ರೆಗಳು ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಕೈಗೆ ಸಿಗುವಂತಿವೆ. ಕೆಮ್ಮಿಗೆ ಕೊಡುವ ಅಜಿತ್ರೊಮೈಸಿನ್, ಲೆವೊಫ್ಲಾಕ್ಸಾಸಿನ್, ವಾಂತಿಗೆ ಕೊಡುವ ಒಂಡನ್‌ಸೆಟ್ರಾನ್. ಸಿರೋಸಿಸ್ ಇರುವವರು ಚೀಟಿಯಿಲ್ಲದೆ ಇವನ್ನು ನುಂಗಬಾರದು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಂತೂ ಬೇಡವೇ ಬೇಡ, ಅವು ರಕ್ತಸ್ರಾವಕ್ಕೂ ದಾರಿ, ಮೂತ್ರಪಿಂಡಕ್ಕೂ ಪೆಟ್ಟು. ಹೆಪಟೈಟಿಸ್ ಸಿ ಮಾತ್ರೆ ಸೊಫೊಸ್‌ಬುವಿರ್ ಶುರು ಮಾಡುವ ಮುನ್ನ, ಹೃದಯದ ಬಡಿತ ಸರಿಪಡಿಸುವ ಅಮಿಯೊಡರಾನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ. ಎರಡೂ ಸೇರಿದರೆ ಬಡಿತ ಅಪಾಯದಷ್ಟು ನಿಧಾನವಾಗಬಹುದೆಂದು 2015ರಲ್ಲಿ ತಿಳಿದುಬಂತು.

ಹೃದಯದ ಮಾತ್ರೆಯೊಂದು ಲಿವರ್ ರೋಗಿಗಳ ಮಿತ್ರನಾದ ಸಂಗತಿಯೂ ಇದೆ. ಬಡಿತ ನಿಧಾನ ಮಾಡುವ ಪ್ರೊಪ್ರನೊಲಾಲ್ ಪೋರ್ಟಲ್ ನಾಳದ ಒತ್ತಡವನ್ನು ಇಳಿಸುತ್ತದೆ ಎಂದು ಪ್ಯಾರಿಸ್ಸಿನ ಲೆಬ್ರೆಕ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಅಂದಿನಿಂದ ಅದು, ಈಚೆಗೆ ಕಾರ್ವೆಡಿಲಾಲ್, ಅನ್ನನಾಳದ ಸಿರೆ ಒಡೆಯದಂತೆ ಕಾಯುತ್ತಿವೆ. "ನನಗೆ ಹಾರ್ಟ್ ಕಾಯಿಲೆ ಇಲ್ಲವಲ್ಲ" ಎಂದು ಈ ಮಾತ್ರೆಯನ್ನು ನಿಲ್ಲಿಸಿ ರಕ್ತ ಕಾರಿಕೊಂಡು ಬಂದವರಿದ್ದಾರೆ. ನಿಲ್ಲಿಸುವ ಮುನ್ನ ಕೇಳಿ.

ಉಸಿರಿನ ಒಂದು ಲಕ್ಷಣವನ್ನೂ ಹೇಳಿಬಿಡುತ್ತೇನೆ. ಹೃದಯ ಸೋತವರಿಗೆ ಮಲಗಿದಾಗ ಉಸಿರು ಕಟ್ಟುತ್ತದೆ, ಎದ್ದು ಕುಳಿತರೆ ಹಗುರ. ಕೆಲವು ಲಿವರ್ ರೋಗಿಗಳಲ್ಲಿ ಇದು ತಿರುಗುಮುರುಗು. ಎದ್ದು ಕುಳಿತರೆ ಉಬ್ಬಸ, ಮಲಗಿದರೆ ಸಮಾಧಾನ. ಶ್ವಾಸಕೋಶದ ತಳದಲ್ಲಿ ರಕ್ತನಾಳಗಳು ಅಗಲಗೊಂಡು ರಕ್ತ ಆಮ್ಲಜನಕ ಹೀರದೆಯೇ ಓಡಿಬಿಡುವುದು ಅದಕ್ಕೆ ಕಾರಣ. ಹೀಗಾಗುತ್ತಿದ್ದರೆ ವೈದ್ಯರಿಗೆ ಇದೇ ಮಾತಿನಲ್ಲಿ ಹೇಳಿ.

ಸಿರೋಸಿಸ್ ಆಗದಿದ್ದರೂ ಸಿ ವೈರಸ್ ಹೃದಯದ ನಾಳಗಳಿಗೆ ಒಳ್ಳೆಯದಲ್ಲ. ಇನ್ಸುಲಿನ್‌ಗೆ ದೇಹ ಸ್ಪಂದಿಸದಂತೆ ಮಾಡಿ ಸಕ್ಕರೆ ಕಾಯಿಲೆ ತರುತ್ತದೆ. ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಅಂಕಿ ಕಡಿಮೆಯೇ ಬರುತ್ತದೆ, ಆದರೂ ಅಪಧಮನಿಗಳು ಕಟ್ಟಿಕೊಳ್ಳುವ ಅಪಾಯ ಹೆಚ್ಚು. ಕೊಲೆಸ್ಟ್ರಾಲ್ ಚೆನ್ನಾಗಿದೆ ಎಂದು ಈ ರೋಗಿಗಳು ಬೀಡಿ ಸಿಗರೇಟು ಮುಂದುವರಿಸುವಂತಿಲ್ಲ.

ನೆಲನೆಲ್ಲಿಯ ಬಗ್ಗೆ ಕೇಳದೆ ಯಾವ ಕನ್ನಡಿಗರೂ ನನ್ನನ್ನು ಬಿಡುವುದಿಲ್ಲ. ಅದಕ್ಕೆ ಗೌರವದಿಂದಲೇ ಉತ್ತರಿಸುತ್ತೇನೆ, ಏಕೆಂದರೆ ಬ್ಲೂಂಬರ್ಗ್ ಅವರೇ ಅದನ್ನು ಗೌರವದಿಂದ ಪರೀಕ್ಷಿಸಿದರು. ಮದ್ರಾಸಿನ ತ್ಯಾಗರಾಜನ್ ಮತ್ತು ಅವರ ತಂಡದ ಜೊತೆ ಸೇರಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆಲನೆಲ್ಲಿ ತೆಗೆದುಕೊಂಡ ಬಿ ವೈರಸ್ ವಾಹಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಪರೀಕ್ಷೆ ನೆಗೆಟಿವ್ ಆಯಿತು. ಜಗತ್ತೇ ಕಿವಿ ನಿಮಿರಿಸಿತು. ಆಮೇಲೆ ಬೇರೆ ಕಡೆ ಮಾಡಿದ ಅಧ್ಯಯನಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ನೆಲನೆಲ್ಲಿ ಕುಡಿದದ್ದಕ್ಕೆ ನಾನು ಯಾರನ್ನೂ ಗದರಿಸುವುದಿಲ್ಲ. ಅದನ್ನು ನಂಬಿ ಮಾತ್ರೆ ಬಿಡಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ಮಾತ್ರೆಗಳಂತೂ ಇವತ್ತು ಇವೆ. ಸೊಫೊಸ್‌ಬುವಿರ್ 2013ರ ಕೊನೆಗೆ ಅಮೆರಿಕದಲ್ಲಿ ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್, ಹನ್ನೆರಡು ವಾರಕ್ಕೆ 84,000 ಡಾಲರ್. ನಮ್ಮ ದೇಶದ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಹೆಪಟೈಟಿಸ್ ಸಿ ಬಹುತೇಕರಲ್ಲಿ ಹನ್ನೆರಡು ವಾರದಲ್ಲಿ, ನೂರರಲ್ಲಿ ತೊಂಬತ್ತೈದರಷ್ಟು ಜನರಲ್ಲಿ, ಪೂರ್ತಿ ಗುಣವಾಗುತ್ತದೆ. ಬಿ ಬೇರುಸಹಿತ ಹೋಗುವುದಿಲ್ಲ, ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆಯಿಂದ ಅದನ್ನು ಮಲಗಿಸಿಡಬಹುದು. ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು.

ನಮ್ಮ ಅಡಿಕೆ ಬೆಳೆಗಾರರ ವೈರಸ್ ಮೂರು ತಿಂಗಳ ಮಾತ್ರೆಯಿಂದ ಹೋಯಿತು. ಎರಡು ವರ್ಷದ ಮೇಲೆ ಪ್ಲೇಟ್‌ಲೆಟ್ ತೊಂಬತ್ತೆಂಟು ಸಾವಿರಕ್ಕೆ ಬಂದಿದೆ, ಗುಲ್ಮ ಸ್ವಲ್ಪ ಕುಗ್ಗಿದೆ. ಸಿರೋಸಿಸ್ ಆಗಿಬಿಟ್ಟಿದ್ದರಿಂದ ಆರು ತಿಂಗಳಿಗೊಮ್ಮೆ ಲಿವರ್ ಕ್ಯಾನ್ಸರಿಗಾಗಿ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು. ಹತ್ತು ವರ್ಷ ಮೊದಲು ಸಿಕ್ಕಿದ್ದರೆ ಅದೂ ಬೇಕಾಗುತ್ತಿರಲಿಲ್ಲ.

ಹಳೆಯ ಕಾಲದಲ್ಲಿ ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಒಂದೇ ಸೂಜಿಯನ್ನು ಕುದಿಸಿ ಎಲ್ಲರಿಗೂ ಚುಚ್ಚುತ್ತಿದ್ದ ದಿನಗಳನ್ನು ಕಂಡವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು, ಮನೆಯಲ್ಲಿ ಒಬ್ಬರಿಗೆ ಬಿ ಇದ್ದರೆ ಉಳಿದವರೆಲ್ಲರೂ, ಜೊತೆಗೆ ಪ್ರತಿಯೊಬ್ಬ ಗರ್ಭಿಣಿ, ಒಮ್ಮೆ ಎರಡೂ ವೈರಸ್‌ಗೆ ಪರೀಕ್ಷೆ ಮಾಡಿಸಿಕೊಳ್ಳಿ. ಪಾಸಿಟಿವ್ ಬಂದವರ ತಟ್ಟೆ ಲೋಟ ಬೇರೆ ಮಾಡಬೇಡಿ, ಊಟದಿಂದ, ಅಪ್ಪುಗೆಯಿಂದ ಇದು ಅಂಟುವುದಿಲ್ಲ. ರೇಜರ್ ಮತ್ತು ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಕಪಾಟಿನಲ್ಲಿರುವ ಹಳೆಯ ರಕ್ತ ವರದಿಗಳನ್ನು ಇವತ್ತು ರಾತ್ರಿಯೇ ಹೊರಗೆ ತೆಗೆದು, ಪ್ಲೇಟ್‌ಲೆಟ್ ಎಂಬ ಸಾಲಿನ ಮುಂದೆ ಏನಿದೆ ನೋಡಿ. ಒಂದೂವರೆ ಲಕ್ಷಕ್ಕಿಂತ ಕಡಿಮೆಯೆಂದು ಎರಡು ಸಲ ಬಂದಿದ್ದರೆ ಆ ಹಾಳೆಗಳನ್ನು ಹಿಡಿದುಕೊಂಡು ನಿಮ್ಮ ಜಿಲ್ಲಾ ಆಸ್ಪತ್ರೆಗೆ ಹೋಗಿ.